ಗ್ಯಾರೇಜಿನ ಮೆಟ್ಟಿಲಲ್ಲಿ ಹಾಡುತ್ತಿದ್ದವರು

ಆ ಮನವಿಯಲ್ಲಿ ನನ್ನ ಸಹಿ ಇದೆ. ಇದನ್ನು ಮೊದಲೇ ಹೇಳಿಬಿಡಬೇಕು. ನಾಲ್ವರು ಮುದುಕರನ್ನು ನಮ್ಮ ಕಟ್ಟಡದ ಗ್ಯಾರೇಜಿನ ಮೆಟ್ಟಿಲಿನಿಂದ ಹೊರಗೆ ಹಾಕಿದ ಕಾಗದದಲ್ಲಿ, ಎರಡನೇ ಪುಟದ ಕೆಳಗಿನಿಂದ ಮೂರನೆಯ ಸಾಲು ನನ್ನದು. ಮುಂದೆ ನಾನು ಯಾರ ಮೇಲೆ ಸಿಟ್ಟಾದರೂ ಓದುವವರು ಆ ಸಾಲನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ನಾನು ಔಷಧಿ ತಯಾರಿಸುವ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಏನಾದರೂ ತಪ್ಪಾದಾಗ ವರದಿ ಬರೆಯುವುದು ನನ್ನ ಪಾಲಿನದು. ಏನು ಕಂಡಿತು, ಎಷ್ಟು ಹೊತ್ತಿಗೆ, ಯಾರು ಎಲ್ಲಿ ನಿಂತಿದ್ದರು, ಅಷ್ಟೇ. ಸಿಟ್ಟಿಗೆ ಆ ವರದಿಯಲ್ಲಿ ಕಾಲಂ ಇಲ್ಲ. ಇದನ್ನೂ ಹಾಗೆಯೇ ಬರೆಯಬೇಕೆಂದು ಕುಳಿತೆ. ಆಗಲಿಲ್ಲ.

ನಮ್ಮ ಮನೆ ಫಾಸ್ಟರ್ ಸಿಟಿ ಎಂಬ ಅಮೆರಿಕದ ಊರಿನಲ್ಲಿ, ಲಗೂನಿನ, ಎಂದರೆ ಕಡಲ ಹಿನ್ನೀರಿನ, ದಂಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಕೆಳಗೆ ಗ್ಯಾರೇಜು. ಗ್ಯಾರೇಜಿನ ಮೂಲೆಯಿಂದ ಮೂರನೇ ಮಹಡಿಯವರೆಗೆ ಒಂದು ಮೆಟ್ಟಿಲ ಸಾಲು. ನಾಲ್ಕೂ ಕಡೆ ಬರಿಯ ಕಾಂಕ್ರೀಟು. ಬೀಗದ ಕೈ ಬಿದ್ದರೆ ಆ ಸದ್ದು ಮೇಲೆ ಹೋಗಿ ಒಂದು ಸುತ್ತು ಹಾಕಿ ನಿಮ್ಮ ಕಾಲ ಬುಡಕ್ಕೇ ಬರುತ್ತದೆ. ಲಿಫ್ಟ್ ಇರುವುದರಿಂದ ಆ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. ಮನೆಗೆ ಬಂದ ಮೊದಲ ತಿಂಗಳಲ್ಲಿ ಒಂದು ಶನಿವಾರ ಲಿಫ್ಟ್ ಕೆಟ್ಟಿತ್ತು. ಎರಡೂ ಕೈಯಲ್ಲಿ ಗ್ರೋಸರಿ ಚೀಲ ಹಿಡಿದು ಆ ಬಾಗಿಲು ತಳ್ಳಿದೆ. ಒಳಗೆ ನಾಲ್ವರು ಹಾಡುತ್ತಿದ್ದರು.

ವಾದ್ಯವಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬರು ಎತ್ತರದ ಕಪ್ಪು ಮನುಷ್ಯ ನಿಂತಿದ್ದರು. ಎಲ್ಲಕ್ಕಿಂತ ತಗ್ಗಿನ ದನಿ ಅವರದು. ಬಾಯಿಂದ ಬರುತ್ತಿದ್ದುದು ಮಾತಲ್ಲ, ಬೂಮ್ ಬ ಬೂಮ್ ಎನ್ನುವಂಥ ಬರಿಯ ಸದ್ದು. ಮೂರು ಮೆಟ್ಟಿಲು ಮೇಲೆ ಒಬ್ಬರು ಕುಳ್ಳಗಿನ ಮುದುಕರು, ಹುಡುಗಿಯ ಹಾಗೆ ತೆಳುವಾದ ದನಿಯಲ್ಲಿ ಹಾಡು ಹೇಳುತ್ತಿದ್ದರು. ನಡುವೆ ಇನ್ನಿಬ್ಬರು. ಯಾರೂ ಒಂದು ಎರಡು ಎಂದು ಎಣಿಸುತ್ತಿರಲಿಲ್ಲ. ಕೆಳಗಿನವರ ಭುಜ ಏರಿದರೆ ಉಸಿರು ತೆಗೆದುಕೊಂಡರು ಎಂದರ್ಥ. ಉಳಿದ ಮೂವರ ಕಣ್ಣೂ ಆ ಭುಜದ ಮೇಲೆ.

ಹಾಡು ಮುಗಿದ ಮೇಲೆ ಎತ್ತರದವರು ತಿರುಗಿ ನನ್ನ ಚೀಲ ನೋಡಿದರು. ಅವರೆಲ್ಲ ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಐಸ್‌ಕ್ರೀಂ ಇದೆಯೇನಮ್ಮಾ ಅದರಲ್ಲಿ? ಇದ್ದರೆ ಹೋಗು. ಇಲ್ಲದಿದ್ದರೆ ಕೂತ್ಕೋ, ಇನ್ನೊಂದು ಹೇಳ್ತೀವಿ."

ಐಸ್‌ಕ್ರೀಂ ಇತ್ತು. ಆದರೂ ಕುಳಿತೆ.

ಆ ಎತ್ತರದವರು ನಲವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದ ಡ್ರೈವರು. ಹೆಂಡತಿಯೊಂದಿಗೆ ಎರಡನೇ ಮಹಡಿಯಲ್ಲಿದ್ದರು, ನಾವು ಯಾರೂ ಬರುವುದಕ್ಕೆ ಬಹಳ ಮೊದಲಿನಿಂದ. ಕುಳ್ಳಗಿನವರು ಅಂಚೆ ಹಂಚುತ್ತಿದ್ದವರು. ಉಳಿದಿಬ್ಬರು ಅಣ್ಣ ತಮ್ಮ, ಇಸ್ತ್ರಿ ಅಂಗಡಿ ನಡೆಸಿ ಮುಚ್ಚಿದವರು. ಈ ಮೂವರೂ ಬೇರೆ ಊರುಗಳಿಂದ ಶನಿವಾರ ಹತ್ತೂವರೆಗೆ ಬಂದು ಒಂದು ಗಂಟೆ ಹಾಡಿ ಹೋಗುತ್ತಿದ್ದರು. ಶಾಲೆಯಲ್ಲಿ ಒಟ್ಟಿಗಿದ್ದವರಂತೆ. ಅವರು ಹಾಡುತ್ತಿದ್ದುದಕ್ಕೆ ಡೂ-ವಾಪ್ ಎನ್ನುತ್ತಾರೆ. ಒಬ್ಬ ಹಾಡುತ್ತಾನೆ, ಉಳಿದವರು ಅರ್ಥವಿಲ್ಲದ ಅಕ್ಷರಗಳಿಂದ ಅವನ ಕೆಳಗೆ ನೆಲ ಹಾಸುತ್ತಾರೆ. ಕೊನೆಯಲ್ಲಿ ಒಂದೆರಡು ಹಳೆಯ ರಾಕ್ ಅಂಡ್ ರೋಲ್ ಹಾಡೂ ಇರುತ್ತಿತ್ತು. ಆಗ ಅಣ್ಣತಮ್ಮಂದಿರಲ್ಲಿ ಕಿರಿಯರು ಮೆಟ್ಟಿಲ ಕಬ್ಬಿಣದ ಕಟಕಟೆಯನ್ನು ಅಂಗೈಯಲ್ಲಿ ಬಡಿಯುತ್ತಿದ್ದರು, ಡ್ರಮ್ಮಿನ ಬದಲು.

ಇಲ್ಲೇ ಏಕೆ ಹಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಡ್ರೈವರು ಗೋಡೆ ತಟ್ಟಿದರು.

"ಹುಡುಗರಾಗಿದ್ದಾಗ ನಮ್ಮ ಹತ್ತಿರ ಗಿಟಾರ್ ಇರಲಿಲ್ಲ, ಮೆಟ್ಟಿಲಿತ್ತು. ಶಾಲೆಯ ಹಿಂದಿನ ಮೆಟ್ಟಿಲು. ಇವನು ಐದನೆಯವನು, ಈ ಗೋಡೆ. ನಾಲ್ಕು ಜನರನ್ನ ಎಂಟು ಮಾಡ್ತಾನೆ."

"ಮತ್ತೆ ಇವನೊಬ್ಬನೇ ಶ್ರುತಿ ತಪ್ಪಲ್ಲ," ಎಂದರು ಅಂಚೆಯವರು, ಅಣ್ಣನ ಕಡೆ ನೋಡಿ.

"ತಪ್ಪೋದು ನಿನ್ನ ಕಿವಿ. ಕಿವಿ ಮಿಷಿನ್ ಹಾಕ್ಕೊಂಡು ಬಾ ಅಂದ್ರೆ ಬರಲ್ಲ," ಎಂದರು ಅಣ್ಣ.

ಆಮೇಲೆ ನಾನು ಶನಿವಾರಗಳನ್ನು ಹಾಗೆ ಹೊಂದಿಸಿಕೊಂಡೆ. ನನ್ನ ಗಂಡ ನಗುತ್ತಿದ್ದ, ಗ್ರೋಸರಿಗೆ ಹೋದವಳು ಒಂದು ಗಂಟೆ ಗ್ಯಾರೇಜಿನಲ್ಲಿ ಕುಳಿತು ಬರುತ್ತಾಳೆಂದು. ನನಗೆ ಇಂಗ್ಲಿಷ್ ಓದಿ ಗೊತ್ತಿತ್ತು. ಆದರೆ ಇಲ್ಲಿಯವರು ಪಟಪಟ ಆಡುವುದನ್ನು ಹಿಡಿಯಲು ವರ್ಷಗಳೇ ಬೇಕಾದವು. ಈ ಹಾಡುಗಳಲ್ಲಿ ನನಗೆ ಅರ್ಥವಾಗದೆ ತಪ್ಪಿಹೋಗುವಂಥದ್ದು ಏನೂ ಇರಲಿಲ್ಲ. ಮಾತು ಇರುವುದೇ ಇಷ್ಟು: ಬಾ, ಹೋಗಬೇಡ, ಕಾಯುತ್ತೇನೆ. ಉಳಿದದ್ದೆಲ್ಲ ಸದ್ದು. ಮಂಡ್ಯದ ಕಡೆಯ ನನ್ನ ಅಮ್ಮ ಮದುವೆ ಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದಳು. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಆ ಸಾಲನ್ನೇ ಎತ್ತಿ ಅವಳಿಗೆ ಮರಳಿ ಕೊಡುತ್ತಿದ್ದರು. ಅದಕ್ಕೆ ನಮ್ಮಲ್ಲಿ ಸೊಲ್ಲು ಕೊಡುವುದು ಎನ್ನುತ್ತಾರೆ. "ಸೊಲ್ ಕೊಡೋರು ಇಲ್ದಿದ್ರೆ ಪದ ನಿಲ್ಲಾಕಿಲ್ಲ ಕಣವ್ವ," ಎನ್ನುತ್ತಿದ್ದಳು. ಅಷ್ಟು ಹಳೆಯ ಹಾಡು ಇವತ್ತಿಗೂ ಏಕೆ ಕೇಳಬೇಕೆನಿಸುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿರುವ ಉತ್ತರ ಇದೇ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬೀಳಲು ಬಿಡುವುದಿಲ್ಲ.

ಒಂದು ವರ್ಷ ಗಣಪತಿ ಹಬ್ಬಕ್ಕೆ ನಮ್ಮ ಕಟ್ಟಡದ ಕನ್ನಡದವರೆಲ್ಲ ಸೇರಿ ಕ್ಲಬ್‌ಹೌಸಿನಲ್ಲಿ ಗಣಪತಿ ಕೂರಿಸಿದೆವು. ಡೋಲು ತರಿಸಿದ್ದೆವು. ಗಲಾಟೆಯೆಂದು ಯಾರೋ ದೂರು ಕೊಟ್ಟರು. ಮುಂದಿನ ವರ್ಷ ಅನುಮತಿ ಕೊಡಬೇಕೋ ಬೇಡವೋ ಎಂದು ಅಸೋಸಿಯೇಷನ್ನಿನ ಮೀಟಿಂಗಿನಲ್ಲಿ ಮಾತು ನಡೆಯಿತು. ನಮ್ಮವರು ಹದಿನೈದು ಜನ ಇದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಿಂದ ಡ್ರೈವರು ಎದ್ದರು.

"ವರ್ಷಕ್ಕೆ ಒಂದು ದಿನ ಮನುಷ್ಯರು ಸದ್ದು ಮಾಡ್ತಾರೆ. ಉಳಿದ ದಿನವೆಲ್ಲ ಈ ಕಟ್ಟಡ ಆಸ್ಪತ್ರೆ ಹಾಗಿರುತ್ತೆ. ಬಾರಿಸಲಿ ಬಿಡಿ. ನನಗೂ ಒಂದು ಕೋಲು ಕೊಡಲಿ."

ಎಲ್ಲರೂ ನಕ್ಕರು. ಅನುಮತಿ ಸಿಕ್ಕಿತು. ಹಬ್ಬದ ದಿನ ಅವರು ಬಂದು ಕಡುಬು ತಿಂದರು, ಡೋಲನ್ನೂ ಬಾರಿಸಿದರು. ಮೂರನೇ ಮಹಡಿಯ ಮೈಸೂರಿನ ಇಂಜಿನಿಯರು ಒಬ್ಬರು ಅವರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಆ ಫೋಟೋ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಇದೆ.

ಹೋದ ವರ್ಷ ಡ್ರೈವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಹೆಚ್ಚುಕಡಿಮೆ ಮರಳಿ ಬಂದವು. ಮಾತು ಬರಲಿಲ್ಲ. ಒಳಗೆ ಎಲ್ಲ ಅರ್ಥವಾಗುತ್ತಿತ್ತು, ಹೊರಗೆ ಬರುತ್ತಿದ್ದುದು ಒಂದೇ ಪದ: ಟ್ಯೂಸ್‌ಡೇ. ಕಾಫಿ ಬೇಕಾ ಎಂದರೆ ಟ್ಯೂಸ್‌ಡೇ. ನೋವಿದೆಯಾ ಎಂದರೂ ಟ್ಯೂಸ್‌ಡೇ. "ಇವನಿಗೆ ವಾರವಿಡೀ ಮಂಗಳವಾರ. ಸೋಮವಾರದ ಕಾಟವಿಲ್ಲ, ಪುಣ್ಯವಂತ," ಎಂದು ಅಂಚೆಯವರು ಹೇಳಿದಾಗ ಡ್ರೈವರೇ ಎಲ್ಲರಿಗಿಂತ ಜೋರಾಗಿ ನಕ್ಕರಂತೆ.

ಮೂರು ತಿಂಗಳಾದ ಮೇಲೆ ಮೂವರೂ ಸೇರಿ ಅವರನ್ನು ಮೆಟ್ಟಿಲಿಗೆ ಕರೆತಂದರು. ನಾನು ಅಲ್ಲಿದ್ದೆ. ಅವರ ಹೆಂಡತಿಯೂ ಇದ್ದರು, ಮೇಲಿನ ತಿರುವಿನಲ್ಲಿ ಕಟಕಟೆ ಹಿಡಿದು. ಡ್ರೈವರನ್ನು ಅವರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಉಳಿದವರು ಶುರು ಮಾಡಿದರು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಭುಜ ಏರಿತು. ಬೂಮ್ ಎಂದಿತು. ಗೋಡೆ ಅದನ್ನು ತಿರುಗಿಸಿ ಅವರ ಕಿವಿಗೆ ಕೊಟ್ಟಿತು. ಅದನ್ನು ಕೇಳಿ ಅವರು ಇನ್ನೊಂದು ಹಾಕಿದರು. ಹಾಡಿನ ನಡುವೆ ತಗ್ಗಿನ ದನಿ ಒಂದು ಹುಡುಗಿಯ ಹೆಸರನ್ನು ಕರೆಯುವ ಜಾಗವಿದೆ. ಮದುವೆಯಾದಾಗಿನಿಂದ ಆ ಜಾಗದಲ್ಲಿ ಡ್ರೈವರು ಹಾಡಿನ ಹೆಸರು ಬಿಟ್ಟು ತಮ್ಮ ಹೆಂಡತಿಯ ಹೆಸರನ್ನು ಹಾಕುತ್ತಿದ್ದರು. ಆ ಜಾಗ ಬಂತು. ಹೆಸರು ಬಂತು, ಎರಡೂ ಅಕ್ಷರ, ಸ್ವಚ್ಛವಾಗಿ.

ಅವರ ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಮನೆಯಲ್ಲಿ ನನ್ನನ್ನ ನೋಡಿ ಟ್ಯೂಸ್‌ಡೇ ಅಂತಾನೆ," ಎಂದರು ನನಗೆ. "ನನಗೆ ಹೆಸರಿದೆ ಅನ್ನೋದೇ ಮರೆತು ಹೋಗಿತ್ತು."

ಮಾತು ಕಲಿಸುವ ಥೆರಪಿಸ್ಟು, ಹೀಗಾಗುವುದುಂಟು, ಬಿಡಬೇಡಿ, ಅದೇ ಜಾಗ ಅದೇ ಜನ ಇರಲಿ ಎಂದರಂತೆ. ಮಳೆಯ ಒಂದು ಶನಿವಾರ ಮೆಟ್ಟಿಲ ಬುಡದಲ್ಲಿ ನೀರು ನಿಂತಾಗ ಕ್ಲಬ್‌ಹೌಸಿನಲ್ಲಿ ಹಾಡಿ ನೋಡಿದರು. ಅಲ್ಲಿ ಕಾರ್ಪೆಟ್ಟು, ಸೋಫಾ, ಪರದೆ. ಡ್ರೈವರು ಬೂಮ್ ಎಂದರು, ದನಿ ಹೋದದ್ದು ಮರಳಿ ಬರಲಿಲ್ಲ. ಅವರು ಕೈ ಚೆಲ್ಲಿ ಹಿಂದೆ ತಿರುಗಿ ನೋಡಿದರು, ಏನೋ ಬೀಳಿಸಿಕೊಂಡವರಂತೆ. ಅವತ್ತು ಹೆಸರು ಬರಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ.

ಹೇಗೆಂದು ಹೇಳುತ್ತೇನೆ. ಒಂದು ಬುಧವಾರ ನಾನು ಲ್ಯಾಬಿನಲ್ಲಿದ್ದೆ. ಕೈಗವಸು ಬಿಚ್ಚಿ ಇನ್ನೊಂದು ಹಾಕಿಕೊಳ್ಳುವ ನಡುವೆ ಫೋನ್ ನೋಡಿದೆ. ವಾಟ್ಸಾಪಿನಲ್ಲಿ ಮೈಸೂರಿನ ಇಂಜಿನಿಯರು: "ಅಕ್ಕಾ, ಸ್ಟೇರ್‌ಕೇಸ್ ಸೇಫ್ಟಿ ಫಾರಂ ಕಳಿಸಿದೀನಿ ನೋಡಿ. ನಮ್ಮವರದ್ದೆಲ್ಲಾ ಆಯ್ತು, ನಿಮ್ಮದೊಂದೇ ಬಾಕಿ. ಇವತ್ತೇ ಲಾಸ್ಟು." ಕೆಳಗೆ ಕೈ ಮುಗಿದ ಚಿತ್ರ. ನಾನು ಲಿಂಕ್ ಒತ್ತಿದೆ, ಮನೆ ನಂಬರ್ ಹಾಕಿದೆ, ಬೆರಳಲ್ಲಿ ಸಹಿ ಗೀಚಿದೆ. ಪುಟ ಕೆಳಗೆ ಸರಿಸಿ ನೋಡಲಿಲ್ಲ. ಕಂಪನಿಯಲ್ಲಿ ನಾನು ಓದದ ಹಾಳೆಗೆ ಸಹಿ ಹಾಕಿದರೆ ಕೆಲಸ ಹೋಗುತ್ತದೆ. ಅದೇ ದಿನ ಬೆಳಿಗ್ಗೆ ಇಪ್ಪತ್ತೆರಡು ಪುಟದ ದಾಖಲೆಯೊಂದನ್ನು ಒಂದು ಕಾಮಾ ತಪ್ಪಿದೆಯೆಂದು ಹಿಂದಕ್ಕೆ ಕಳಿಸಿದ್ದೆ. ನಮ್ಮವರು ಕಳಿಸಿದ್ದನ್ನು ಮಾತ್ರ ಓದಲಿಲ್ಲ. ನಮ್ಮವರು ಕೇಳಿದರೆ ಓದುವುದು ಅವಮಾನ ಮಾಡಿದ ಹಾಗೆ, ಹಾಗೆಂದು ನಾವು ಬೆಳೆದಿದ್ದೇವೆ. ಈ ಊರಿನಲ್ಲಿ ಹಾಗೆಯೇ ಬದುಕುತ್ತೇವೆ. ಮಕ್ಕಳ ಡೇಕೇರಿನಿಂದ ಹಿಡಿದು ಮತದ ಚೀಟಿಯವರೆಗೆ.

ಫಾರಂನಲ್ಲಿ ನಾಲ್ಕು ಅಂಶಗಳಿದ್ದವು ಎಂದು ಆಮೇಲೆ ತಿಳಿಯಿತು. ಮೆಟ್ಟಿಲ ಬಾಗಿಲಿಗೆ ಎಲೆಕ್ಟ್ರಾನಿಕ್ ಬೀಗ. ಹೊಸ ದೀಪ. ಮೆಟ್ಟಿಲಲ್ಲಿ ಗುಂಪು ಸೇರುವುದು, ಹಾಡುವುದು ನಿಷೇಧ. ಗೋಡೆಗಳಿಗೆ ಸದ್ದು ಹೀರುವ ಫೋಮು.

ಮೂರು ವಾರದ ನಂತರದ ಶನಿವಾರ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಅವತ್ತು ನಾನು ಎಂದಿಗಿಂತ ಬೇಗ ಕಾರಿನ ಕಡೆ ಹೊರಟಿದ್ದೆ. ಮೂರನೇ ಮಹಡಿಯಿಂದ ಮೆಟ್ಟಿಲಿಳಿಯುತ್ತಿದ್ದೆ. ಗ್ಯಾರೇಜಿಗೆ ಒಂದು ತಿರುವು ಇರುವಾಗ ಕೆಳಗೆ ಮಾತು ಕೇಳಿಸಿತು. ನಿಂತೆ.

ಡ್ರೈವರು ಒಬ್ಬರೇ ಬೇಗ ಇಳಿದು ಬಂದು ಗೆಳೆಯರಿಗಾಗಿ ಬಾಗಿಲಿಗೆ ತಮ್ಮ ಟೋಪಿಯನ್ನು ಸಿಕ್ಕಿಸಿ ತೆರೆದಿಟ್ಟಿದ್ದರು. ಹೊಸ ಬೀಗಕ್ಕೆ ಹೊರಗಿನವರ ಹತ್ತಿರ ಕಾರ್ಡಿಲ್ಲವಲ್ಲ. ಅವರ ಮುಂದೆ ಕಟ್ಟಡದ ಮ್ಯಾನೇಜರು, ಬಗಲಲ್ಲಿ ಫೈಲು. ಪಕ್ಕದಲ್ಲಿ ಹೊಸ ಸೆಕ್ಯುರಿಟಿ ಗಾರ್ಡು. ಇಬ್ಬರೂ ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ನನಗಿಂತ ನಾಲ್ಕು ಮೆಟ್ಟಿಲು ಕೆಳಗೆ, ನನಗೆ ಬೆನ್ನು ಮಾಡಿ, ಮೈಸೂರಿನ ಇಂಜಿನಿಯರು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ.

"ಇಲ್ಲೇ ವಾಸವಾ ಸರ್? ಯಾವ ಮನೆ?" ಗಾರ್ಡು ಕೇಳಿದ.

"ಟ್ಯೂಸ್‌ಡೇ."

"ಇವತ್ತು ಶನಿವಾರ. ಹೆಸರೇನು?"

"ಟ್ಯೂಸ್‌ಡೇ. ಟ್ಯೂಸ್‌ಡೇ."

"ಕುಡಿದಿದ್ದೀರಾ?"

ಡ್ರೈವರು ಇಲ್ಲವೆಂದು ತಲೆ ಆಡಿಸಿದರು. ಕೈಯಿಂದ ಮೇಲೆ ತೋರಿಸಿದರು. ಗಾರ್ಡು ಕೈ ಕೆಳಗಿಡಿ ಎಂದ. ಅವರು ಕೈ ಕೆಳಗಿಟ್ಟರು, ಕೂಡಲೇ, ಅಂಗೈ ಕಾಣುವ ಹಾಗೆ. ಆ ಕೂಡಲೇತನವನ್ನು ಈ ದೇಶದ ಒಬ್ಬ ಕಪ್ಪು ಮನುಷ್ಯ ಎಲ್ಲಿ, ಯಾರ ಮುಂದೆ ಕಲಿತಿರಬಹುದು ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನಂತರ ಅವರು ಮಾಡಿದ್ದು ಇದು. ಗೋಡೆಯ ಕಡೆ ತಿರುಗಿದರು. ಭುಜ ಏರಿತು. ಬೂಮ್ ಬ ಬೂಮ್ ಎಂದು ಶುರು ಮಾಡಿದರು. ತಾನು ಯಾರೆಂದು ಹೇಳಲು ಅವರಿಗೆ ಉಳಿದಿದ್ದ ದಾರಿ ಅದೊಂದೇ. ಆ ಹಾಡಿನೊಳಗೆ ಹೋಗಿ ಹೆಂಡತಿಯ ಹೆಸರಿನ ಜಾಗ ಮುಟ್ಟಬೇಕು, ಆ ಹೆಸರು ಕೇಳಿದರೆ ಇವರಿಗೆ ತಿಳಿದೀತು. ಅಷ್ಟು ದೂರ ಹೋಗಲು ಬಿಡಲಿಲ್ಲ. ಎರಡನೆಯ ಬೂಮಿಗೆ ಗಾರ್ಡು ಅವರ ಮೊಣಕೈ ಹಿಡಿದು ಎಳೆದ. ಅವರ ಎಡಗಾಲು ಪಾರ್ಶ್ವವಾಯುವಿನಿಂದ ಸೋತದ್ದು. ಅವರು ಕಟಕಟೆಗೆ ಬಡಿದುಕೊಂಡರು. ಟೋಪಿ ಬಿದ್ದು ಬಾಗಿಲು ಮುಚ್ಚಿತು.

ಈಗ ನನ್ನ ಪಾಲು. ಮೊದಲ ಪ್ರಶ್ನೆಯಿಂದ ಮೊಣಕೈ ಹಿಡಿಯುವವರೆಗೆ ನಾನು ಬಾಯಿ ಬಿಡಲಿಲ್ಲ. ನನಗೆ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಎಂಟು ಹತ್ತು ಮೆಟ್ಟಿಲು ಇಳಿಯುವಷ್ಟು ಹೊತ್ತು. ನನಗಿಂತ ಮೊದಲು ಬೇರೆ ಯಾರಾದರೂ ಹೇಳಲಿ ಎಂದು ಕಾದೆ. ಹೇಳಬಹುದಾಗಿದ್ದ ಇನ್ನೊಬ್ಬ ವಿಡಿಯೋ ಮಾಡುತ್ತಿದ್ದ. ಅವರು ಕಟಕಟೆಗೆ ಬಡಿದ ಸದ್ದು ಗೋಡೆಯಿಂದ ತಿರುಗಿ ಬಂದ ಮೇಲೆ ನಾನು ಕೂಗಿದೆ.

"ಕೈ ಬಿಡಿ! ಅವರು ಇಲ್ಲೇ ಇರೋದು, ಎರಡನೇ ಮಹಡಿ. ಸ್ಟ್ರೋಕ್ ಆಗಿದೆ, ಮಾತು ಬರಲ್ಲ."

ಗಾರ್ಡು ಕೈ ಬಿಟ್ಟ. ಹೆದರಿದ್ದ, ಅವನೂ. ಡ್ರೈವರು ಮೆಟ್ಟಿಲ ಮೇಲೆ ಕುಳಿತು ಟೋಪಿಗಾಗಿ ನೆಲ ತಡವುತ್ತಿದ್ದರು. ಅವರ ಹೆಂಡತಿ ಮನೆಯ ಚಪ್ಪಲಿಯಲ್ಲೇ ಇಳಿದು ಬಂದರು. ಆಕೆ ಕೂಗಾಡಲಿಲ್ಲ. ಯಾರು ಹೇಳಿದ್ದು ಇವನನ್ನ ಹಿಡೀರಿ ಅಂತ ಎಂದು ಮಾತ್ರ ಕೇಳಿದರು. ಮ್ಯಾನೇಜರು ಫೈಲು ಬಿಚ್ಚಿದ. ನಿವಾಸಿಗಳೇ ಕೇಳಿದ್ದಾರೆ ಮೇಡಂ, ನೋಡಿ. ಆಕೆ ಕನ್ನಡಕವಿಲ್ಲದೆ ಹಾಳೆಯನ್ನು ದೂರ ಹಿಡಿದು ಬೆರಳಿಟ್ಟು ಓದಿದರು. ಮೊದಲ ಪುಟ. ಎರಡನೇ ಪುಟ. ಬೆರಳು ಒಂದು ಕಡೆ ನಿಂತಿತು.

"ಇದು ನಿನ್ನ ಮನೆ ನಂಬರ್ ಅಲ್ಲವಾ?"

ಹೌದು ಎಂದೆ.

ಆಕೆ ಹಾಳೆಯನ್ನು ಮಡಿಸಿ ಮ್ಯಾನೇಜರಿಗೆ ಕೊಟ್ಟು ಗಂಡನ ತೋಳು ಹಿಡಿದು ಮೇಲೆ ಹತ್ತಿದರು. ನನ್ನನ್ನು ದಾಟುವಾಗ ಡ್ರೈವರು ನನ್ನ ಕಡೆ ನೋಡಿ ಮೆಲ್ಲಗೆ ಟ್ಯೂಸ್‌ಡೇ ಎಂದರು. ಅದು ಬೈಗುಳವೋ ಥ್ಯಾಂಕ್ಸೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ವರದಿಯಲ್ಲಿ ಬರೆಯಬಾರದು.

ಅವತ್ತೇ ಸಂಜೆ ವಾಟ್ಸಾಪ್ ಗುಂಪಿಗೆ ಒಂದು ಆಮಂತ್ರಣ ಬಂತು. ಕ್ಲಬ್‌ಹೌಸಿನಲ್ಲಿ "ರೆಟ್ರೋ ನೈಟು", ಹಳೆಯ ಕಾಲದ ಹಾಡು, ವೇಷಗಳ ಪಾರ್ಟಿ. ಡೂ-ವಾಪ್, ರಾಕ್ ಅಂಡ್ ರೋಲ್, ಡಿಜೆ ಇದ್ದಾರೆ, ಹೆಂಗಸರು ಚುಕ್ಕೆಯ ಸ್ಕರ್ಟು, ಗಂಡಸರು ಚರ್ಮದ ಜಾಕೆಟ್ಟು ಹಾಕಿ ಬನ್ನಿ, ಒಳ್ಳೆಯ ವೇಷಕ್ಕೆ ಬಹುಮಾನ. ಕಳಿಸಿದವರು ಮೈಸೂರಿನ ಇಂಜಿನಿಯರ ಹೆಂಡತಿ. ನಾನು ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೋ. ಕಾರ್ಡ್‌ಬೋರ್ಡಿನ ಕಪ್ಪು ರೆಕಾರ್ಡುಗಳನ್ನು ದಾರದಲ್ಲಿ ತೂಗುಹಾಕಿದ ಚಿತ್ರ.

ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಹೆಗಲ ಮೇಲಿಂದ ಇಣುಕಿದಳು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದ್ದೆ, ಒಂದನ್ನು ಬಿಟ್ಟು. ಈಗ ಅದನ್ನೂ ಹೇಳಿದೆ.

"ಅಮ್ಮಾ, ಯು ಸೈನ್ಡ್ ಇಟ್?"

"ಓದದೆ ಹಾಕಿದೆ."

"ದಟ್ಸ್ ವರ್ಸ್," ಎಂದು ತನ್ನ ಕೋಣೆಗೆ ಹೋದಳು. ಅದು ಇನ್ನೂ ಕೆಟ್ಟದ್ದು ಎಂದು ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಟಪಾಲು ಪೆಟ್ಟಿಗೆಗಳ ಹತ್ತಿರ ಆ ಇಂಜಿನಿಯರು, ಆತನ ಹೆಂಡತಿ ಇಬ್ಬರೂ ಸಿಕ್ಕರು.

"ಏನಕ್ಕಾ, ರೆಟ್ರೋ ನೈಟಿಗೆ ರಿಪ್ಲೈನೇ ಮಾಡಿಲ್ಲ?" ಎಂದಳು ಆಕೆ.

"ನಿಮ್ಮ ಯಜಮಾನರು ನಿನ್ನೆ ವಿಡಿಯೋ ಮಾಡಿದ್ರಲ್ಲ, ಅದನ್ನ ಹಾಕ್ರಿ ರೆಟ್ರೋ ನೈಟಲ್ಲಿ. ಒರಿಜಿನಲ್ಲು. ಡಿಜೆ ಯಾಕೆ?"

ಆತ ಮುಖ ಸಣ್ಣ ಮಾಡಿದ. "ಅಕ್ಕಾ, ಅದು ಎವಿಡೆನ್ಸಿಗೆ ಅಷ್ಟೇ. ಹೊರಗಿನವರು ಬಂದು ಹೋಗಿ ಮಾಡ್ತಾರೆ, ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ನಾವೇನ್ ಹಾಡ್ಬೇಡಿ ಅಂದ್ವಾ? ಬೇರೆ ಕಡೆ ಹಾಡ್ಕೊಳ್ಲಿ."

"ಅವರು ಯಾರು ಅಂತ ನಿಮಗೆ ಗೊತ್ತಿತ್ತು. ಗಾರ್ಡು ಕೇಳಿದಾಗ ಯಾಕ್ರೀ ಹೇಳ್ಲಿಲ್ಲ?"

"ನೀವೂ ಹೇಳ್ಲಿಲ್ವಲ್ಲಕ್ಕಾ. ನನ್ನ ಹಿಂದೇನೇ ನಿಂತಿದ್ರಿ."

ನಿಜ. ಆ ನಿಜ ನನ್ನನ್ನು ಸುಮ್ಮನಾಗಿಸಬೇಕಿತ್ತು. ಆಗಲಿಲ್ಲ.

"ಹೌದು, ನಿಂತಿದ್ದೆ. ಅದಕ್ಕೇ ಹೇಳ್ತಿದೀನಿ. ಡೋಲು ಬೇಡ ಅಂದಾಗ ಹದಿನೈದು ಜನ ಬಾಯಿ ಮುಚ್ಕೊಂಡು ಕೂತಿದ್ವಿ. ಎದ್ದು ಮಾತಾಡಿದ್ದು ಆ ಮನುಷ್ಯ. ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸ್ಕೊಂಡ್ರಲ್ಲ, ಜ್ಞಾಪಕ ಇದೆಯಾ?"

"ಅಕ್ಕಾ, ಅದು ಬೇರೆ," ಎಂದಳು ಆಕೆ, ಮಗುವಿಗೆ ತಿಳಿ ಹೇಳುವ ಹಾಗೆ. "ಗಣಪತಿ ನಮ್ಮ ಕಲ್ಚರು. ಅವರದ್ದು ಸುಮ್ನೆ ಟೈಂಪಾಸು."

ಟಪಾಲು ಪೆಟ್ಟಿಗೆಯ ಕೀಲಿ ತೂತಿಗೆ ಹೋಗಲಿಲ್ಲ. "ಟೈಂಪಾಸಿಗೆ ಚುಕ್ಕೆ ಸ್ಕರ್ಟು ಹಾಕ್ಕೊಂಡು ಬಹುಮಾನ ಕೊಡ್ತಿದೀರಲ್ಲಮ್ಮಾ," ಎಂದೆ. ಇಷ್ಟೇ ಹೇಳಿದ್ದು. ಹೇಳಬೇಕಿದ್ದದ್ದು ಮನೆಗೆ ಬಂದ ಮೇಲೆ ಹೊಳೆಯಿತು, ಪಾತ್ರೆ ತೊಳೆಯುತ್ತ ಸಿಂಕಿಗೆ ಹೇಳಿದೆ. ಈ ಹಾಡುಗಳು ಎಲ್ಲಿಲ್ಲ? ಗ್ರೋಸರಿಯ ಸೀಲಿಂಗಿನಲ್ಲಿ, ದಂತವೈದ್ಯರ ಕುರ್ಚಿಯ ಪಕ್ಕದಲ್ಲಿ, ಫೋನ್ ಹಿಡಿದು ಕಾಯುವಾಗ, ಟೂತ್‌ಪೇಸ್ಟಿನ ಜಾಹೀರಾತಿನಲ್ಲಿ. ಎಷ್ಟು ಚೆಂದ, ಎಷ್ಟು ಮುಗ್ಧ ಎಂದು ಎಲ್ಲರೂ ತಲೆದೂಗುತ್ತಾರೆ. ಆ ದನಿ ಸ್ಪೀಕರಿನಿಂದ ಬಂದರೆ ಪಾರ್ಟಿ. ಅದೇ ದನಿ ಒಬ್ಬ ಮುದುಕನ ಎದೆಯಿಂದ, ನಮ್ಮದೇ ಮೆಟ್ಟಿಲಿನಲ್ಲಿ ಬಂದರೆ ಸುರಕ್ಷತೆಯ ಪ್ರಶ್ನೆ. ಹಾಡು ಬೇಕು, ಹಾಡುವವರು ಬೇಡ. ಈ ಲೆಕ್ಕ ಮೊದಲು ಕಲಿತವರು ನಾವಲ್ಲ. ಆದರೆ ಬಂದ ಇಷ್ಟು ವರ್ಷಗಳಲ್ಲಿ ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದೇವೆ.

ನಾನು ವರದಿ ಬರೆದೆ. ಎರಡು ಪುಟ. ಕೊನೆಯ ಸಾಲಿನಲ್ಲಿ ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಬರೆದೆ. ಅಸೋಸಿಯೇಷನ್ನಿನ ಮೀಟಿಂಗಿನಲ್ಲಿ ಎದ್ದು ಓದಿದೆ. ನಾನು ನಿಧಾನವಾಗಿ ಓದುವವಳು. ಒಬ್ಬೊಬ್ಬರಿಗೆ ಮೂರು ನಿಮಿಷವೆಂದು ಆಮೇಲೆ ತಿಳಿಯಿತು. ಗಾರ್ಡು ಮೊಣಕೈ ಹಿಡಿದ ಸಾಲಿಗೆ ಬರುವಷ್ಟರಲ್ಲಿ ಅಧ್ಯಕ್ಷರು ಥ್ಯಾಂಕ್ ಯೂ ಎಂದರು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಅವರು ಮೈಕ್ ಆಫ್ ಮಾಡಿದರು. ಮೈಕಿಲ್ಲದೆ ಮುಗಿಸಿದೆ. ನಮ್ಮವರು ಹನ್ನೊಂದು ಜನ ಬಂದಿದ್ದರು. ಎಲ್ಲರೂ ಫೋನ್ ನೋಡುತ್ತಿದ್ದರು.

ತೀರ್ಮಾನ ಹೀಗಾಯಿತು. ಸಲ್ಲಿಸಿದ ಮನವಿಯಿಂದ ಸಹಿ ಹಿಂದಕ್ಕೆ ಪಡೆಯಲು ಬರುವುದಿಲ್ಲ. ನಡೆದದ್ದಕ್ಕೆ ವಿಷಾದವಿದೆ. ಹಿರಿಯರಿಗೆ ಶನಿವಾರ ಅರ್ಧ ಗಂಟೆ ಮೆಟ್ಟಿಲಿನಲ್ಲಿ ಹಾಡಲು ವಿಶೇಷ ಅನುಮತಿ. ಫೋಮು ಈಗಾಗಲೇ ಬಂದಿದೆ, ಅದನ್ನು ಹಚ್ಚಲಾಗುತ್ತದೆ. ಹೀಗಾದರೆ ಅವರಿಗೂ ಹಾಡು, ಉಳಿದವರಿಗೂ ನೆಮ್ಮದಿ ಎಂದು ಮ್ಯಾನೇಜರು ನನಗೆ ಸಂತೋಷದಿಂದ ವಿವರಿಸಿದ. ಎರಡೂ ಕಡೆ ಗೆದ್ದ ಹಾಗೆ, ಎಂದ.

ಅನುಮತಿಯ ಮೊದಲ ಶನಿವಾರ ಇಳಿದು ಹೋದೆ. ಗೋಡೆಗಳಿಗೆ ಆಳೆತ್ತರಕ್ಕೂ ಮೀರಿ ಬೂದು ಬಣ್ಣದ ಫೋಮು, ಮೊಟ್ಟೆಯ ಟ್ರೇಯ ಹಾಗೆ ಗುಳಿ ಗುಳಿ. ಬೀಗದ ಕೈ ಬೀಳಿಸಿ ನೋಡಿದೆ. ಬಿದ್ದಲ್ಲೇ ಸತ್ತಿತು. ನಾಲ್ವರೂ ಬಂದಿದ್ದರು. ಅಂಚೆಯವರು ಫೋಮನ್ನು ಉಗುರಿನಿಂದ ಕೆರೆದು, "ಐದನೆಯವನಿಗೆ ಕಂಬಳಿ ಹೊದಿಸಿ ಮಲಗಿಸಿದ್ದಾರೆ," ಎಂದರು. ಶುರು ಮಾಡಿದರು. ಡ್ರೈವರ ಭುಜ ಏರಿತು, ಬೂಮ್ ಬಂತು, ಫೋಮಿನೊಳಗೆ ಹೋಯಿತು. ಅವರು ಕಾದರು. ಕ್ಲಬ್‌ಹೌಸಿನಲ್ಲಿ ತಿರುಗಿದ ಹಾಗೆಯೇ ತಿರುಗಿ ನೋಡಿದರು. ಅವರ ಹೆಂಡತಿ ಮೇಲಿನ ತಿರುವಿನಲ್ಲಿ ಕೈ ಕಟ್ಟಿ ನಿಂತಿದ್ದರು, ನನ್ನ ಕಡೆ ನೋಡದೆ.

ನಾನು ಏನನ್ನೂ ಯೋಚಿಸಿ ಮಾಡಲಿಲ್ಲ. ಮೆಟ್ಟಿಲಿಳಿದು ಡ್ರೈವರ ಮೂಲೆಗೆ ಹೋಗಿ, ಅವರಿಗೂ ಗೋಡೆಗೂ ನಡುವೆ, ಅವರಿಗೆ ಮುಖ ಮಾಡಿ ನಿಂತೆ. ಅವರು ಬೂಮ್ ಎಂದಾಗ ಒಂದು ಉಸಿರು ತಡೆದು ಅದನ್ನೇ ಅವರಿಗೆ ಹಿಂದಕ್ಕೆ ಕೊಟ್ಟೆ. ನನ್ನದು ಹೆಣ್ಣುದನಿ, ತೆಳು, ಶ್ರುತಿಯೂ ಅಷ್ಟಕ್ಕಷ್ಟೇ. ಅಮ್ಮನ ಪಕ್ಕ ಮದುವೆ ಚಪ್ಪರದಲ್ಲಿ ಕುಳಿತು ಸೊಲ್ಲು ಕೊಟ್ಟದ್ದೇ ನನ್ನ ಕಲಿಕೆ. ಡ್ರೈವರು ನನ್ನ ಬಾಯಿಯನ್ನೇ ನೋಡಿದರು. ಇನ್ನೊಂದು ಬೂಮ್ ಹಾಕಿದರು. ಕೊಟ್ಟೆ. ಅಣ್ಣ ತಮ್ಮ ಸೇರಿಕೊಂಡರು. ಹಾಡು ಕುಂಟುತ್ತ ಮುಂದೆ ಹೋಯಿತು.

ಹೆಸರಿನ ಜಾಗ ಬಂತು. ಅವರ ತುಟಿ ಸರಿಯಾದ ಆಕಾರಕ್ಕೆ ಬಂತು. ಮೊದಲ ಅಕ್ಷರ ಬಂತು. ಎರಡನೆಯದು ಬರಲಿಲ್ಲ.

ನಾನು ಬಂದಷ್ಟನ್ನು ಮರಳಿ ಕೊಟ್ಟೆ. ಅರ್ಧ ಗಂಟೆಗೆ ಸರಿಯಾಗಿ ಮ್ಯಾನೇಜರು ಬಾಗಿಲು ತೆರೆದು ಗಡಿಯಾರ ತೋರಿಸಿದ.

ಎಲ್ಲರೂ ಹೋದ ಮೇಲೆ ಅವರ ಹೆಂಡತಿ ಕೆಳಗಿಳಿದು ಬಂದರು. ಫೋಮಿನ ಮೇಲೆ ಅಂಗೈ ಇಟ್ಟು ಒತ್ತಿದರು. ತೆಗೆದಾಗ ಕೈಯ ಗುರುತು ಸ್ವಲ್ಪ ಹೊತ್ತು ನಿಂತು ಮಾಯವಾಯಿತು.

"ನೀನು ಸಹಿ ಹಾಕಿದ್ದನ್ನ ನಾನು ಮರೆಯಲ್ಲ," ಎಂದರು.

"ಮರೀಬೇಡಿ," ಎಂದೆ.

"ನೀನು ತುಂಬಾ ಬೇಗ ಕೊಡ್ತೀಯ. ಗೋಡೆ ಸ್ವಲ್ಪ ತಡ ಮಾಡ್ತಿತ್ತು." ಮೆಟ್ಟಿಲು ಹತ್ತಲು ತಿರುಗಿದವರು ನಿಂತರು. "ಬರೋ ಶನಿವಾರ ಹತ್ತು ನಿಮಿಷ ಮುಂಚೆ ಬಾ."